ಹಳೇ ಮರದ ದೋಣಿ ಒಡ್ಸೋ ಮುಂಚೆ ಒಬ್ಬ ಆಚಾರಿಗೆ ತೋರ್ಸಿ

ಸಂಪಾದಕರಿಗೆ ನಮಸ್ಕಾರ,

ಹೋದ ತಿಂಗಳು ನಿಮ್ಮ ಓದುಗರ ಪತ್ರದಲ್ಲಿ ಒಬ್ರು ಬರ್ದಿದ್ರು, ಹೊಳೆ ದಂಡೆ ಉದ್ದಕ್ಕೂ ಹಳೇ ಮರದ ದೋಣಿಗಳು ಕೊಳೀತಾ ಬಿದ್ದಿವೆ, ಪಂಚಾಯ್ತಿಯವ್ರು ಇವನ್ನೆಲ್ಲ ಒಡ್ಸಿ ದಂಡೆ ಕ್ಲೀನ್ ಮಾಡ್ಬೇಕು ಅಂತ. ಅವ್ರ ಮೇಲೆ ನಂಗೆ ಸಿಟ್ಟಿಲ್ಲ, ದಾರಿಲಿ ಹೋಗೋರ ಕಣ್ಣಿಗೆ ಅದು ಕಸದ ಹಾಗೇ ಕಾಣೋದು. ಆದ್ರೆ ನಾನು ಎರಡು ವರ್ಷದಿಂದ ಒಂದು ಕೈಲಿ ಮನೆ ಕಟ್ಟಿಸ್ತಾ ಇನ್ನೊಂದು ಕೈಲಿ ಅಪ್ಪನ ಕಾಲದ ಮೋಟಾರು ದೋಣಿ ರಿಪೇರಿ ಮಾಡ್ಸ್ತಾ ಇರೋನು, ಆ ಪತ್ರ ಓದಿದ ಮೇಲೆ ಸುಮ್ನೆ ಕೂರೋಕೆ ಆಗ್ಲಿಲ್ಲ, ಸ್ವಲ್ಪ ಉದ್ದ ಆದ್ರೂ ದಯವಿಟ್ಟು ಹಾಕಿ.

ನಮ್ಮೂರು ಕುಮಟಾ ತಾಲೂಕು, ಅಘನಾಶಿನಿ ಹೊಳೆ ದಂಡೆ, ಮಿರ್ಜಾನ್ ಕೋಟೆಯಿಂದ ಕೆಳಗೆ ಗಜನಿ ಗದ್ದೆಗಳ ಕಡೆ. ಉಪ್ಪು ನೀರು ನುಗ್ಗಿದ್ರೂ ತಡ್ಕೊಳ್ಳೋ ಕಗ್ಗ ಭತ್ತ ಬೆಳೆಯೋ ಜಾಗ. ಅಪ್ಪ 1984ರಲ್ಲಿ 30 ಫೂಟಿನ ದೋಣಿ ಕಟ್ಟಿಸಿದ್ರು, ಮೂರು ವರ್ಷದ ನಂತ್ರ ಅದಕ್ಕೆ ಸೆಕೆಂಡ್ ಹ್ಯಾಂಡ್ ಡೀಸೆಲ್ ಎಂಜಿನ್ ಕೂರ್ಸಿದ್ರು, ಒಂದೇ ಸಿಲಿಂಡರು, ಹ್ಯಾಂಡಲ್ ಹಾಕಿ ತಿರುಗ್ಸಿ ಸ್ಟಾರ್ಟ್ ಮಾಡೋದು. ತೆಂಗಿನಕಾಯಿ, ಕಗ್ಗ ಭತ್ತ ತದಡಿಗೆ ಹೋಗ್ತಿತ್ತು, ಬರೋವಾಗ ಸಾಣಿಕಟ್ಟೆ ಉಪ್ಪಿನ ಚೀಲ ಬರ್ತಿತ್ತು. ನಮ್ಮೂರ ಶಾಲೆ ಗೋಡೆಯ ಚಿರೆಕಲ್ಲು, ನಮ್ಮ ಕಡೆಯ ಕೆಂಪು ಕಲ್ಲು, ಅಷ್ಟೂ ಆ ದೋಣಿಲೇ ಬಂದಿದ್ದು, ನಾನೇ ಕಲ್ಲಿನ ರಾಶಿ ಮೇಲೆ ಕೂತ್ಕೊಂಡು ಬಂದಿದ್ದೇನೆ. ಆಮೇಲೆ ರಸ್ತೆ ಆಯ್ತು, ಟೆಂಪೋ ಬಂತು. 2009ರ ಹೊತ್ತಿಗೆ ಅಪ್ಪ ದೋಣಿನ ಅಂಗಳದ ತೆಂಗಿನ ಮರದ ಕೆಳಗೆ ಎಳ್ಸಿ ಮಡಲು ಹೊದೆಸಿ ಇಟ್ರು. ಏಳು ವರ್ಷ ಕಳೆದು ಅವ್ರೂ ಹೋದ್ರು.

2019ರ ಆಗಸ್ಟ್ ನೆರೆ ನೆನಪಿರ್ಬೇಕು ಎಲ್ರಿಗೂ. ನಮ್ಮ ಹಳೇ ಮಣ್ಣಿನ ಗೋಡೆ ಮನೆಗೆ ಸೊಂಟದ ತನಕ ನೀರು ಬಂತು. ಅವ್ವಿಗೆ ಆಗ 74 ವರ್ಷ, ಅವರನ್ನ ಅಟ್ಟದ ಮೇಲೆ ಕೂರ್ಸಿ ನಾನು ನನ್ನ ಹೆಂಡ್ತಿ ಬಾಗ್ಲಲ್ಲಿ ನಿಂತು ದೋಣಿ ಬರ್ತದಾ ಅಂತ ಕಾಯ್ತಾ ಇದ್ವಿ, ಕತ್ತಲೆ ಆಗೋವರೆಗೆ ಕಾದ್ವಿ. ಹತ್ತು ಮಾರು ದೂರದಲ್ಲಿ ನಮ್ಮದೇ ದೋಣಿ ಇತ್ತು. ನೀರು ಅದ್ರ ತಳದ ಸಂದಿಂದ ಒಳಗೆ ಹೋಗಿ ಹಲಗೆ ಮಟ್ಟಕ್ಕೆ ತುಂಬಿ ನಿಂತಿತ್ತು, ದೋಣಿ ಏಳ್ಲೇ ಇಲ್ಲ. ನೀರು ಇಳಿದ ಮೇಲೆ ಮನೆ ಗೋಡೆ ಒಂದು ಕಡೆ ವಾಲಿತ್ತು. ಮನೆ ಬೇರೆ ಕಟ್ಲೇಬೇಕು ಅಂತ ಅವತ್ತೇ ಗೊತ್ತಾಯ್ತು, ದೋಣಿ ವಿಚಾರ ಮಾತ್ರ ಬಾಯಿಬಿಟ್ಟು ಯಾರ ಹತ್ರಾನೂ ಹೇಳಿರ್ಲಿಲ್ಲ ನಾನು, ಆದ್ರೆ ಅದು ತಲೇಲಿ ಕೂತುಬಿಟ್ಟಿತ್ತು.

2022ರ ದೀಪಾವಳಿ ಮುಗಿಸಿ ಪಾಯ ತೆಗೆಸಿದ್ವಿ, ನೆರೆ ಮಟ್ಟಕ್ಕಿಂತ ಮೇಲೆ ಇರ್ಲಿ ಅಂತ ಜಗಲಿ ಎತ್ರ ಮಾಡಿ ಚಿರೆಕಲ್ಲಿನ ಗೋಡೆ. ಹಳೇ ಮನೆ ಬಿಚ್ಚುವಾಗ ಮಾಡಿನ ಹೆಬ್ಬಲಸಿನ ತೊಲೆಗಳು ಕೆಳಗಿಳಿದ್ವು, ಅಜ್ಜನ ಕಾಲದ್ದು, ಅರವತ್ತು ವರ್ಷ ಹೊಗೆ ಕುಡ್ದು ಕಪ್ಪಾಗಿದ್ವು. ಅದ್ರಲ್ಲಿ ಹೊಸ ಮನೆಗೆ ಬಾಗಿಲು ಚೌಕಟ್ಟು ಮಾಡ್ಸೋಣ ಅಂತ ಒಬ್ಬ ಆಚಾರಿಯನ್ನ ಕರ್ಸಿದೆ. ಅವ್ರಿಗೆ ಎಪ್ಪತ್ತು ದಾಟಿದೆ. ಬಂದವ್ರು ತೊಲೆ ನೋಡ್ಲೇ ಇಲ್ಲ ಮೊದ್ಲು, ಸೀದಾ ತೆಂಗಿನ ಮರದ ಕೆಳಗೆ ಹೋದ್ರು. ಆ ಹೊತ್ತಿಗೆ ದೋಣಿ ಒಳಗೆ ಸಿಮೆಂಟ್ ಚೀಲ ಪೇರಿಸಿಟ್ಟಿದ್ವಿ ನಾವು, ಮಳೆ ಬೀಳದ ಜಾಗ ಅಂತ. ಆಚಾರ್ರು ಬಗ್ಗಿ ಸೈಡಿನ ಹಲಗೆಗೆ ಬೆರಳ ಗಂಟಲ್ಲಿ ಕುಟ್ಟಿದ್ರು, ಒಂದೊಂದು ಗೇಣಿಗೂ ಕುಟ್ತಾ ಮುಂದಿನ ಮೂತಿಯಿಂದ ಹಿಂದಿನ ತನಕ ಹೋದ್ರು, ಕೆಲವು ಕಡೆ ಟಣ್ ಅಂತ ಬಂತು, ಕೆಲವು ಕಡೆ ಡೊಬ್ಬ ಡೊಬ್ಬ. ಚೀಲ ಎತ್ಸಿ ಒಳಗೂ ನೋಡಿದ್ರು. ಆಮೇಲೆ ಹೇಳಿದ್ರು, "ತಮಾ, ಇದ್ರ ಮೈ ಸತ್ತಿಲ್ಲ. ಮೊಳೆ ಸತ್ತಿದೆ. ತಳದ ಉದ್ದ ಮರ ಗಟ್ಟಿ ಇದೆ. ಎಂಟು ಹಲಗೆ ಬದ್ಲಿಸ್ಬೇಕು, ನಿನ್ನ ತೊಲೆಲೇ ಆಗ್ತದೆ."

ಮೊಳೆ ಸಾಯೋದು ಅಂದ್ರೆ ಏನು ಅಂತ ನಂಗೆ ಅವತ್ತು ಗೊತ್ತಾಗಿದ್ದು. ಅವ್ರು ಉಳಿ ಹಾಕಿ ಒಂದು ಮೊಳೆ ಎಬ್ಬಿಸಿ ನನ್ನ ಕೈಗೆ ಕೊಟ್ರು. ತಲೆ ದಪ್ಪ ಇತ್ತು, ಮಧ್ಯ ತೆಳ್ಳಗೆ ಸೂಜಿ ಹಾಗೆ ಸವೆದು ಹೋಗಿತ್ತು, ತುದಿ ಕೈಲೇ ಪುಡಿ ಆಯ್ತು. ಮೊಳೆ ಇದ್ದ ತೂತಿನ ಸುತ್ತ ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಮರ ಶಾಯಿ ಚೆಲ್ಲಿದ ಹಾಗೆ ಕಪ್ಪು, ಉಗುರಲ್ಲಿ ಒತ್ತಿದ್ರೆ ಒಳಗೆ ಹೋಗ್ತಿತ್ತು, ಅದ್ರಿಂದ ಎರಡು ಬೆರಳು ಆಚೆ ಮರ ಕಲ್ಲಿನ ಹಾಗೆ. ಉಪ್ಪು ನೀರಲ್ಲಿ ಕಬ್ಬಿಣ ತುಕ್ಕು ಹಿಡಿಯೋವಾಗ ಸುತ್ತಲ ಮರಾನೂ ತಿಂತದೆ. ಅಪ್ಪನ ಕಾಲದಲ್ಲಿ ಒಂದಷ್ಟು ಕಡೆ ದುಡ್ಡು ಉಳ್ಸೋಕೆ ತಾಮ್ರದ ಮೊಳೆ ಬದ್ಲು ಕಬ್ಬಿಣದ್ದು ಹೊಡ್ದಿದ್ರು, ಬಿಟ್ಟಿದ್ದು ಅಲ್ಲೇ. ತಾಮ್ರದ ಮೊಳೆ ಇದ್ದ ಕಡೆ ಇಷ್ಟು ವರ್ಷದ ನಂತ್ರಾನೂ ಹಲಗೆ ಅಲುಗಿರ್ಲಿಲ್ಲ. ಎರಡನ್ನೂ ಅಕ್ಕಪಕ್ಕ ಹೊಡೆದ್ರೆ ಇನ್ನೂ ಕಷ್ಟ, ಉಪ್ಪು ನೀರಲ್ಲಿ ತಾಮ್ರ ಉಳಿದು ಕಬ್ಬಿಣ ಬೇಗ ಹೋಗ್ತದೆ.

ಇಲ್ಲಿ ಮನೆ ವಿಚಾರ ಒಂದು ಹೇಳ್ಲೇಬೇಕು, ಯಾಕಂದ್ರೆ ದಂಡೆಲಿ ಮನೆ ಕಟ್ಟೋರು ತುಂಬ ಜನ ಇದ್ದಾರೆ. 2023ರ ಏಪ್ರಿಲ್‌ನಲ್ಲಿ ಸ್ಲ್ಯಾಬ್ ಹಾಕಿದ್ವಿ. ಕಾಂಕ್ರೀಟು ಗಟ್ಟಿಯಾಗೋ ತನಕ ಒದ್ದೆ ಇಡೋ ಕ್ಯೂರಿಂಗಿಗೆ ನೀರು ಬೇಕು, ಮೇಸ್ತ್ರಿ ಹತ್ರದ ಬಾವಿಗೆ ಪೈಪ್ ಹಾಕ್ಸಿದ. ಏಪ್ರಿಲ್, ಮೇ ಬಂತು ಅಂದ್ರೆ ನಮ್ಮ ದಂಡೆ ಬಾವಿ ನೀರು ಉಪ್ಪಾಗ್ತದೆ, ಹೊಳೆ ನೀರು ಕಡ್ಮೆಯಾಗಿ ಸಮುದ್ರದ ಭರತ, ಅಂದ್ರೆ ಉಬ್ಬರದ ನೀರು, ಮೇಲೆ ಮೇಲೆ ಹತ್ತೋದು ಆ ಸಮಯದಲ್ಲೇ. ಮೂರನೇ ದಿನ ಆಚಾರ್ರು ಸ್ಲ್ಯಾಬಿನ ಮೇಲೆ ನಿಂತಿದ್ದ ನೀರನ್ನ ಬೆರಳಲ್ಲಿ ಅದ್ದಿ ನಾಲಿಗೆಗೆ ಹಾಕಿ ನೋಡಿದ್ರು. ಏನೂ ಮಾತಾಡ್ದೆ ನನ್ನ ಕರ್ಕೊಂಡು ಹೋಗಿ ಆ ಸವೆದ ಮೊಳೆ ತೋರ್ಸಿದ್ರು. ನಂಗೆ ಆಗ ಹೊಳೀತು, ಸ್ಲ್ಯಾಬಿನ ಒಳಗಿರೋದೂ ಕಬ್ಬಿಣವೇ ಅಲ್ವಾ, ಉಪ್ಪು ಒಳಗೆ ಇಳಿದ್ರೆ ಸರಳು ತುಕ್ಕು ಹಿಡಿದು ಊದ್ಕೊಳ್ತದೆ, ಊದಿ ಕಾಂಕ್ರೀಟು ಸೀಳ್ತದೆ. ಅವತ್ತೇ ಪೈಪ್ ತೆಗೆಸಿ ಗುಡ್ಡದ ಬದಿ ಬಾವಿಯಿಂದ ಟ್ಯಾಂಕರ್‌ನಲ್ಲಿ ನೀರು ತರ್ಸಿ ಉಪ್ಪಿನ ನೀರನ್ನ ತೊಳೆಸಿ 21 ದಿನ ಸಿಹಿ ನೀರು ಬಿಟ್ಟೆ, ಖರ್ಚು ಬಿತ್ತು, ಬೀಳ್ಲಿ. ದೋಣಿ ರಿಪೇರಿ ಹಿಡೀದೇ ಇದ್ದಿದ್ರೆ ನನ್ನ ಮನೆಗೆ ಆ ಉಪ್ಪು ನೀರೇ ಪೂರ್ತಿ ಆಗ್ತಿತ್ತು. ಹೊಳೆಮುಖದ ಮರಳು ಹಾಕೋರಿಗೂ ಇದೇ ಮಾತು, ತೊಳೀದೇ ಹಾಕ್ಬೇಡಿ.

ಎರಡು ಕೆಲಸ ಒಟ್ಟಿಗೆ ಹಿಡ್ಯೋದು ಎಷ್ಟು ಕಷ್ಟ ಅನ್ನೋದು ಮಾಡಿದೋರಿಗೇ ಗೊತ್ತು. ಮನೆಗೂ ದೋಣಿಗೂ ಬೇಕಿರೋದು ಒಂದೇ ಬಿಸಿಲಿನ ಆರು ತಿಂಗಳು, ಮೃಗಶಿರ ಮಳೆ ಹಿಡೀತು ಅಂದ್ರೆ ಎರಡೂ ಬಂದ್. ಹಾಗಾದ್ರೆ ಮಳೆಗಾಲದಲ್ಲಿ ಶೆಡ್ ಒಳಗೆ ಎಂಜಿನ್ ಕೆಲಸ ಮಾಡ್ಸೋಣ ಅಂದ್ರೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ಮೀನುಗಾರಿಕೆ ನಿಷೇಧ, ದೊಡ್ಡ ಬೋಟುಗಳೆಲ್ಲ ದಡಕ್ಕೆ ಬಂದಿರ್ತವೆ, ಕರಾವಳಿಯ ಬೋಟ್ ಮೆಕ್ಯಾನಿಕ್ಕು ಅಂತ ಇರೋರೆಲ್ಲ ಅಲ್ಲಿ ಬುಕ್ಕು. ನನ್ನ ಎಂಜಿನ್ ಹೆಡ್ ಬಿಚ್ಚೋಕೆ ಒಬ್ರು ಸಿಕ್ಕಿದ್ದು ಗಣೇಶ ಚೌತಿ ಕಳೆದ ಮೇಲೆ. ಪಿಸ್ಟನ್ ಜಾಮಾಗಿತ್ತು, ಡೀಸೆಲ್ಲು ಗೇರ್ ಆಯಿಲ್ಲು ಕಲಸಿ ಮೇಲೆ ಹೊಯ್ದು 12 ದಿನ ಬಿಟ್ಟು, ದಿನಾ ಸಂಜೆ ಮರದ ತುಂಡಿಟ್ಟು ಸಣ್ಣಗೆ ಕುಟ್ಟಿ, ಹದಿಮೂರನೇ ದಿನ ಒಂದು ಕೂದಲೆಳೆಯಷ್ಟು ಅಲುಗ್ತು. ಎಂಜಿನ್ ತಂಪು ಮಾಡೋ ನೀರು ಓಡಾಡೋ ದಾರಿ ಪೂರ್ತಿ ಉಪ್ಪು ಕೆಸರು ಕಟ್ಟಿ ಕಲ್ಲಾಗಿತ್ತು.

ಮನೇಲಿ ಜಗಳ ಆಗ್ಲಿಲ್ಲ ಅಂದ್ರೆ ಸುಳ್ಳಾಗ್ತದೆ. ಕಿಟಕಿಗೆ ಮರ ಇಲ್ಲ, ತೊಲೆ ಅಷ್ಟೂ ದೋಣಿಗೆ ಕೊಯ್ಸಿದ್ದೇನೆ, ಕಿಟಕಿಗೆಲ್ಲ ಸಿಮೆಂಟ್ ಚೌಕಟ್ಟು. "ನಿಮ್ಗೆ ಮನೆ ಮುಖ್ಯವಾ ದೋಣಿ ಮುಖ್ಯವಾ ಒಂದು ಸಲ ಹೇಳ್ಬಿಡಿ" ಅಂತ ನನ್ನ ಹೆಂಡ್ತಿ ಕೇಳಿದ್ಲು, ಕೇಳಿದ್ರಲ್ಲಿ ತಪ್ಪಿಲ್ಲ, ಅಡುಗೆಮನೆಗೆ ಇನ್ನೂ ಟೈಲ್ಸ್ ಆಗಿರ್ಲಿಲ್ಲ. ನಾನು ಉತ್ರ ಕೊಡೋ ಮುಂಚೆ ಅವ್ವಿ ಒಳಗಿಂದ, "ಆ ದಿನ ಅಟ್ಟದ ಮೇಲೆ ಕೂತಿದ್ದು ನಾನು" ಅಂದ್ರು. ಅಷ್ಟೇ. ಮರುದಿನ ಬೆಳಿಗ್ಗೆ ಹಲಗೆ ಸಂದಿಗೆ ತುಂಬ್ಸೋ ಹತ್ತಿ ಬತ್ತಿನ ನನ್ನ ಹೆಂಡ್ತಿನೇ ಕೂತು ಹೊಸೆದ್ಲು, ದೇವರ ದೀಪದ ಬತ್ತಿ ಹೊಸೆಯೋ ಕೈ ಅದು, ಆಚಾರ್ರು ಇಷ್ಟು ಸಮನಾದ ಬತ್ತಿ ನಾನು ನೋಡಿಲ್ಲ ಅಂದ್ರು.

ಆ ಕೆಲಸ ನೋಡ್ಬೇಕು ನೀವು. ಬತ್ತಿನ ಎರಡು ಹಲಗೆ ಮಧ್ಯ ಇಟ್ಟು ಮೊಂಡು ಉಳಿ ಮೇಲೆ ಮರದ ಕೊಡತಿಲಿ ಹೊಡೀತಾ ಹೋಗೋದು, ಸಡಿಲ ಇದ್ರೆ ನೀರು ಬರ್ತದೆ, ಜಾಸ್ತಿ ಬಿಗಿ ಆದ್ರೆ ದೋಣಿ ನೀರಿಗಿಳಿದು ಹಲಗೆ ಬೀಗಿದಾಗ ಮೊಳೆನೇ ಕಿತ್ಕೊಂಡು ಬರ್ತದೆ. ಎಷ್ಟು ಸಾಕು ಅಂತ ಅವ್ರಿಗೆ ಗೊತ್ತಾಗೋದು ಶಬ್ದದಲ್ಲಿ, ಕೊಡತಿ ಏಟಿನ ಸದ್ದು ಬದ್ಲಾಗ್ತಿದ್ದ ಹಾಗೆ ಕೈ ನಿಲ್ತದೆ. ಅದ್ರ ಮೇಲೆ ರಾಳದ ಪುಡಿ ಎಣ್ಣೆಲಿ ಕಾಯ್ಸಿ ಮೆತ್ತೋದು, ಹೊರಮೈಗೆ ಗೇರುಬೀಜದ ಸಿಪ್ಪೆ ಎಣ್ಣೆ ಎರಡು ಕೈ, ಮರ ಕೊರೆಯೋ ಹುಳ ಹತ್ತಿರ ಬರದ ಹಾಗೆ. ಕೈಗೆ ತಾಗಿದ್ರೆ ಚರ್ಮ ಸುಲೀತದೆ, ನನ್ನ ಎಡಗೈಲಿ ಕಲೆ ಇನ್ನೂ ಇದೆ. ಒಣಗಿದ ಹಳೇ ತೊಲೆ ಹಲಗೆ ಬಗ್ಗಲ್ಲ ಅಂತ ನಾನು ಅಂದ್ಕೊಂಡಿದ್ದೆ. ಕೆಳಗೆ ತೆಂಗಿನ ಸಿಪ್ಪೆ ಬೆಂಕಿ, ಮೇಲೆ ಒದ್ದೆ ಗೋಣಿ, ತುದಿಗೆ ಕಲ್ಲು ಕಟ್ಟಿ ಇಡೀ ಮಧ್ಯಾಹ್ನ ಇಟ್ರು, ಸಂಜೆಗೆ ಅದು ತಾನಾಗೇ ದೋಣಿ ಹೊಟ್ಟೆಗೆ ಒರಗಿತ್ತು. ಒಳಗಿನ ಬಾಗಿದ ಅಡ್ಡ ಮರಗಳಿಗೆ ನಮ್ಮ ದಂಡೆಲಿ ಗಾಳಿಗೆ ಬಿದ್ದಿದ್ದ ಸುರಹೊನ್ನೆ ಕೊಂಬೆ ಸಿಕ್ತು, ಹುಟ್ಟಿದ್ದೇ ಡೊಂಕಾಗಿ, ಕೊಯ್ದು ಕೂರ್ಸಿದ್ದು ಅಷ್ಟೇ.

ಈ ಕೆಲಸ ಬಲ್ಲೋರು ನಮ್ಮ ಸುತ್ತ ಇನ್ನು ಇಬ್ರೋ ಮೂವ್ರೋ, ಎಲ್ರಿಗೂ ವಯಸ್ಸಾಗಿದೆ, ಎಲ್ರೂ ಈಗ ಮಾಡ್ತಿರೋದು ಮನೆ ಬಾಗಿಲು ಮಂಚದ ಕೆಲಸ. ಆಚಾರ್ರ ಮಗ ಬೆಂಗಳೂರಲ್ಲಿ ಮಾಡ್ಯುಲರ್ ಕಿಚನ್ ಹಾಕ್ತಾನೆ, ಒಳ್ಳೆ ದುಡೀತಾನೆ, ಅವನನ್ನ ಬಾ ಅನ್ನೋಕೆ ನಂಗೆ ಬಾಯಿಲ್ಲ. ಅದಕ್ಕೇ ನನ್ನ ಮೊದಲ ಬೇಡಿಕೆ, ಕರಾವಳಿ ಐಟಿಐಗಳಲ್ಲಿ ವೆಲ್ಡಿಂಗ್, ಫಿಟ್ಟರ್ ಕಲಿಸೋ ಹಾಗೆ ಮರದ ದೋಣಿ ರಿಪೇರಿನೂ ಕಲಿಸಿ, ಕ್ಲಾಸ್‌ರೂಮಲ್ಲಿ ಬೇಡ, ಇಂಥ ಆಚಾರಿಗಳಿಗೆ ಗೌರವಧನ ಕೊಟ್ಟು ಅವ್ರ ಕೈಕೆಳಗೆ ಇಬ್ರು ಹುಡುಗ್ರನ್ನ ಬಿಡಿ, ಎರಡು ಬಿಸಿಲುಗಾಲ ಸಾಕು.

ಎರಡನೇದು ದುಡ್ಡು. ಮನೆಗೆ ಬ್ಯಾಂಕಿನವ್ರು ಪಾಯಕ್ಕೆ ಇಷ್ಟು, ಲಿಂಟಲ್‌ಗೆ ಇಷ್ಟು, ಸ್ಲ್ಯಾಬ್‌ಗೆ ಇಷ್ಟು ಅಂತ ಹಂತ ಹಂತವಾಗಿ ಕೊಟ್ರು, ತಕರಾರಿಲ್ಲ. ಅದೇ ಕೌಂಟರಿನಲ್ಲಿ ದೋಣಿ ರಿಪೇರಿ ಅಂದಾಗ ಅಂಥದ್ದು ಇಲ್ಲ ಅಂದ್ರು. ಬೇರೆ ಒಂದು ಆಫೀಸಿಗೂ ಹೋದೆ, ಹೊಸ ಫೈಬರ್ ದೋಣಿ ಆದ್ರೆ ಅರ್ಜಿ ಹಾಕಿ ನೋಡಿ, ಹಳೇದಕ್ಕೆ ಕೊಡೋಕೆ ಬರಲ್ಲ ಅಂದ್ರು. ನಂಗೆ ಎಂಜಿನ್ ಸೇರಿ ಖರ್ಚಾಗಿದ್ದು ಎರಡೂವರೆ ಲಕ್ಷದ ಒಳಗೆ, ತೊಲೆ ಮನೇದೇ ಆಗಿದ್ರಿಂದ. ಅದ್ರಲ್ಲಿ ತಾಮ್ರದ ಮೊಳೆಗೇ ದೊಡ್ಡ ಪಾಲು ಹೋಯ್ತು. ಫೈಬರ್ ಬೇಡ ಅಂತ ನಾನು ಹೇಳ್ತಿಲ್ಲ, ಸಮುದ್ರಕ್ಕೆ ಹೋಗೋರಿಗೆ ಅದು ಹಗುರ, ಖರ್ಚೂ ಕಡ್ಮೆ, ಅವ್ರ ಜೀವನ ಅದ್ರ ಮೇಲಿದೆ. ಆದ್ರೆ ಒಡೆದ ಫೈಬರ್ ದೋಣಿಗಳು ಬಂದರಿನ ಬದಿ ರಾಶಿ ಬಿದ್ದಿರೋದನ್ನೂ ಪತ್ರ ಬರೆದವ್ರು ನೋಡಿರ್ಬೇಕು, ಅದು ಮಣ್ಣಾಗಲ್ಲ, ಸುಟ್ರೆ ವಿಷದ ಹೊಗೆ. ಮರದ ದೋಣಿಗೆ ಹಲಗೆ ಬದ್ಲಿಸ್ಬಹುದು, ಹಾಗೆ ಬದ್ಲಿಸ್ತಾ ಮೂರು ತಲೆಮಾರು ನಡೆಸ್ಬಹುದು.

ಮತ್ತೆ ಹಲಗೆ. ಎಲ್ರ ಮನೇಲೂ ಅಜ್ಜನ ತೊಲೆ ಇರಲ್ಲ. ಹೆಬ್ಬಲಸು ಬೇಕಾದ್ರೆ ಮರದ ಡಿಪೋದಲ್ಲಿ ದೊಡ್ಡ ಲಾಟ್ ಹರಾಜಿಗೆ ನಿಲ್ಬೇಕು, ಒಂದೆರಡು ದಿಮ್ಮಿ ಬೇಕಾದ ಬಡವನಿಗೆ ಅಲ್ಲಿ ಜಾಗ ಇಲ್ಲ. ದೋಣಿ ರಿಪೇರಿಗೆ ಅಂತಲೇ ಪಂಚಾಯ್ತಿ ಪತ್ರ ತಂದೋರಿಗೆ ಸಣ್ಣ ಪ್ರಮಾಣದಲ್ಲಿ ಮರ ಕೊಡೋ ವ್ಯವಸ್ಥೆ ಆದ್ರೆ ಎಷ್ಟು ದೋಣಿ ಎದ್ದೇಳ್ತವೆ. 2024ರ ಜನವರಿಲಿ ನಮ್ಮ ಅಘನಾಶಿನಿ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರ್ತು, ಅಣೆಕಟ್ಟಿಲ್ದೆ ಹರಿಯೋ ಹೊಳೆ, ಬಳಚು ಅನ್ನೋ ಚಿಪ್ಪಿನ ಜೀವಿ, ಹಕ್ಕಿ, ಉಪ್ಪು ನೀರಲ್ಲಿ ಬೆಳೆಯೋ ಕಾಂಡ್ಲಾ ಗಿಡ ಎಲ್ಲದ್ರ ಬಗ್ಗೆ ಮಾತಾಡ್ತಾರೆ, ನಂಗೆ ಹೆಮ್ಮೆ ಇದೆ. ಆ ಬಳಚು ಹೆಕ್ಕೋಕೆ ಹೋಗೋ ಹೆಂಗಸ್ರು ಕೂರೋದು ದೋಣಿಲಿ, ತದಡಿ ದಾಟೋದು ದೋಣಿಲಿ, ಹೊಳೆ ಉಳ್ಸೋ ಲೆಕ್ಕದಲ್ಲಿ ದೋಣಿನೂ ಸೇರ್ಬೇಕು ಅಲ್ವಾ.

ನಮ್ಮ ದೋಣಿ 2024ರ ನವೆಂಬರ್‌ನಲ್ಲಿ ಅಮಾಸೆ ಭರತಕ್ಕೆ ನೀರಿಗಿಳೀತು. ಊರಿನ ಇಪ್ಪತ್ತು ಜನ ಹೆಗಲು ಕೊಟ್ರು. ಇಳಿಸಿದ ಕೂಡ್ಲೇ ಸಂದಿ ಸಂದಿಲಿ ನೀರು ಬಂತು, ನನ್ನ ಎದೆ ಧಸಕ್ ಅಂತು, ಆಚಾರ್ರು ಬೀಡಿ ಹಚ್ಚಿ "ಕುಡೀಲಿ ಬಿಡು ತಮಾ, ಹದಿನೈದು ವರ್ಷದ ಬಾಯಾರಿಕೆ" ಅಂದ್ರು. ತೆಳು ನೀರಲ್ಲೇ ಕಟ್ಟಿ ಮೂರು ದಿನ ಬಿಟ್ವಿ, ಮೊದಲ ದಿನ ಗಂಟೆಗೊಂದು ಸಲ ನೀರು ಮೊಗೆದಿದ್ದು, ಎರಡನೇ ದಿನ ಮೂರು ಸಲ, ಮೂರನೇ ದಿನ ಬೆಳಿಗ್ಗೆ ತಳ ಒದ್ದೆ ಮಾತ್ರ ಇತ್ತು. ಹಲಗೆ ಬೀಗಿ ಹತ್ತಿನ ಕಚ್ಚಿಕೊಂಡಿತ್ತು. ಎಂಜಿನ್ನು, ಅದ್ರಿಂದ ಹಿಂದಿನ ಫ್ಯಾನಿಗೆ ಹೋಗೋ ಶಾಫ್ಟು ಎರಡನ್ನೂ ನೇರ ಮಾಡೋ ಕೆಲಸ ಆಮೇಲೆ ಇಟ್ಕೊಂಡಿದ್ವಿ, ಯಾಕಂದ್ರೆ ನೆಲದ ಮೇಲೆ ಇದ್ದಾಗಿನ ದೋಣಿ ಆಕಾರ ನೀರಲ್ಲಿ ಇರಲ್ಲ. ಎಂಜಿನ್ನಿನ ಚಕ್ಕೆ, ಶಾಫ್ಟಿನ ಚಕ್ಕೆ ಎರಡೂ ಸೇರೋ ಜಾಗದಲ್ಲಿ ಗೇಜ್ ಪಟ್ಟಿ ತೂರ್ಸಿ ನಾಲ್ಕೂ ಕಡೆ ಒಂದೇ ಸಂದಿ ಬರೋ ತನಕ ಎಂಜಿನ್ ಕಾಲಿನ ಕೆಳಗೆ ತಗಡು ಇಟ್ಟು ತೆಗೆದು ಇಟ್ಟು ತೆಗೆದು ಸಂಜೆ ಆಯ್ತು. ಹ್ಯಾಂಡಲ್ ನಾನೇ ತಿರುಗ್ಸಿದೆ. ನಾಲ್ಕನೇ ಸಲಕ್ಕೆ ಹಿಡೀತು. ಶಾಫ್ಟು ಹೊರಗೆ ಹೋಗೋ ಕಡೆ ನೀರು ಒಳಗೆ ನುಗ್ಗದ ಹಾಗೆ ತಡೆಯೋ ಗ್ಲ್ಯಾಂಡಿಂದ ಹನಿ ಹನಿ ನೀರು ಬೀಳ್ತಾ ಇತ್ತು, ಬಿಗಿ ಮಾಡೋಕೆ ಸ್ಪ್ಯಾನರ್ ತಗೊಂಡೆ, ಮೆಕ್ಯಾನಿಕ್ಕು ಕೈ ಹಿಡಿದ್ರು, ಅಷ್ಟು ಹನಿ ಬೀಳ್ಬೇಕು, ಇಲ್ಲಾಂದ್ರೆ ಶಾಫ್ಟು ಬಿಸಿಯಾಗ್ತದೆ ಅಂತ.

ಪತ್ರ ಬರೆದ ಮಹನೀಯರಿಗೆ ಮತ್ತು ನಮ್ಮ ಪಂಚಾಯ್ತಿಗಳಿಗೆ ನಾನು ಕೈಮುಗಿದು ಕೇಳೋದು ಇಷ್ಟೇ. ದಂಡೆ ಕ್ಲೀನ್ ಮಾಡಿ, ಬೇಡ ಅನ್ನಲ್ಲ. ಆದ್ರೆ ಜೆಸಿಬಿ ತರೋ ಮುಂಚೆ ಪ್ರತಿ ದೋಣಿ ಯಾರದ್ದು ಅಂತ ಕೇಳಿ, ಒಬ್ಬ ಬಲ್ಲ ಆಚಾರಿಯನ್ನ ಕರ್ಕೊಂಡು ಬಂದು ಕುಟ್ಟಿ ನೋಡಿಸಿ, ಯಾವುದು ಏಳ್ತದೆ ಯಾವುದು ಏಳಲ್ಲ ಅಂತ ಅವ್ರು ಅರ್ಧ ಗಂಟೇಲಿ ಹೇಳ್ತಾರೆ. ಏಳೋದಕ್ಕೆ ಒಂದು ಮಡಲಿನ ಚಪ್ಪರ ಹಾಕ್ಸಿ. ಏಳದೇ ಇರೋದನ್ನ ಒಡೆಯೋದಾದ್ರೂ ತಾಮ್ರದ ಮೊಳೆ, ಗಟ್ಟಿ ಹಲಗೆ ಬೇರೆ ದೋಣಿಯವ್ರಿಗೆ ಸಿಗೋ ಹಾಗೆ ಮಾಡಿ. ನಮ್ಮ ಕಡೆ ಯಾರಿಗಾದ್ರೂ ಆಚಾರ್ರ ವಿಳಾಸ ಬೇಕಾದ್ರೆ ನಿಮ್ಮ ಪತ್ರಿಕೆ ಮೂಲಕ ಕೇಳ್ಲಿ, ನಾನೇ ಕರ್ಕೊಂಡು ಬರ್ತೇನೆ, ಹೊಳೆ ದಂಡೆಲಿ ಎಲ್ಲಿದ್ರೂ ಸರಿ, ದೋಣಿಲೇ ಬರ್ತೇವೆ. ಮನೇದು ಮೇಲಿನ ಕೋಣೆ ವೈರಿಂಗು, ಪೇಂಟು ಬಾಕಿ ಇದೆ, ಅದು ನಡೀತಾ ಇರ್ತದೆ.

ಇಂತಿ,
ಅಘನಾಶಿನಿ ದಂಡೆಯ ಓದುಗ
ಕುಮಟಾ ತಾಲೂಕು, ಉತ್ತರ ಕನ್ನಡ